ಯಂತ್ರಕ್ಕೆ ಮನುಷ್ಯರ ಮಾತು ಕಲಿಸಿದ ಗ್ರೇಸ್ ಹಾಪರ್

ಪಿಯುಸಿಗೆ ಸೇರಿದ ಮೇಲೆ ನಮ್ಮ ವಿದ್ಯಾರ್ಥಿಗಳು ಒಂದಲ್ಲ ಒಂದು ಆನ್‌ಲೈನ್ ಅರ್ಜಿ ತುಂಬಲೇಬೇಕು. ವಿದ್ಯಾರ್ಥಿವೇತನ, ಬಸ್ ಪಾಸ್, ಆಮೇಲೆ ಸಿಇಟಿ. ಎಷ್ಟೋ ಅರ್ಜಿಗಳಲ್ಲಿ ಮೊದಲ ಖಾನೆ ಫಸ್ಟ್ ನೇಮ್, ಕೊನೆಯದು ಲಾಸ್ಟ್ ನೇಮ್. ನಮ್ಮ ಕಡೆ ಹೆಸರಿನ ಮುಂದೆಯೋ ಹಿಂದೆಯೋ ಇನಿಷಿಯಲ್ ಇರುತ್ತದೆ. ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಒಂದು ಚುಕ್ಕೆ ಹೆಚ್ಚಾದರೂ ಅರ್ಜಿ ಮುಂದೆ ಹೋಗದೆ ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಸಾಲೊಂದು ಬರುತ್ತದೆ. ಆಗ ಹುಡುಗ ಹುಡುಗಿಯರು ತಮಗೆ ಗೊತ್ತಾಗುತ್ತಿಲ್ಲ ಎಂದು ನಾಚಿಕೊಂಡು, ಸೈಬರ್ ಸೆಂಟರ್‌ನವರ ಕೈಗೆ ದುಡ್ಡು ಕೊಟ್ಟು ಕೆಲಸ ಮುಗಿಸಿಕೊಳ್ಳುತ್ತಾರೆ.

ನಾಚಿಕೊಳ್ಳಬೇಕಾದವರು ಅವರಲ್ಲ. ಆ ಅರ್ಜಿಯನ್ನು ರೂಪಿಸಿದವರು, ಅದನ್ನು ತುಂಬುವವರು ಯಾರು, ಅವರ ಹೆಸರು ಹೇಗಿರುತ್ತದೆ, ಅವರಿಗೆ ಯಾವ ಭಾಷೆ ಬರುತ್ತದೆ ಎಂದು ವಿಚಾರಿಸಬೇಕಿತ್ತು. ಹಾಗೆ ವಿಚಾರಿಸಿ, ಜನರಿಗೆ ಸುಲಭವಾಗುವಂತೆ ಪರದೆಯನ್ನು ರೂಪಿಸುವುದೇ ಇಂದು ಒಂದು ವೃತ್ತಿ. ಯುಐ, ಯುಎಕ್ಸ್ ಡಿಸೈನ್ ಎಂದು ಅದನ್ನು ಕರೆಯುತ್ತಾರೆ. ಈ ಹೆಸರುಗಳು ಹುಟ್ಟುವ ಎಷ್ಟೋ ವರ್ಷ ಮೊದಲೇ, ಕಷ್ಟಪಡಬೇಕಾದದ್ದು ಯಂತ್ರವೇ ಹೊರತು ಮನುಷ್ಯನಲ್ಲ ಎಂದು ಹಟ ಹಿಡಿದು ಕೆಲಸ ಮಾಡಿದ ಒಬ್ಬ ಗಣಿತದ ಅಧ್ಯಾಪಕಿ ಇದ್ದರು. ಅವರೇ ಗ್ರೇಸ್ ಹಾಪರ್.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ತಂದೆ ವಾಲ್ಟರ್ ಮರ್ರೆ ವಿಮೆಯ ವ್ಯವಹಾರದಲ್ಲಿದ್ದರು. ತಾಯಿ ಮೇರಿಗೆ ಗಣಿತವೆಂದರೆ ಪ್ರೀತಿ. ಗ್ರೇಸ್‌ಗೆ ಏಳು ವರ್ಷವಿದ್ದಾಗ, ಅಲಾರಂ ಗಡಿಯಾರ ಹೇಗೆ ಬಡಿದುಕೊಳ್ಳುತ್ತದೆ ಎಂದು ನೋಡುವ ಆಸೆಯಾಯಿತು. ಒಂದನ್ನು ಬಿಚ್ಚಿದಳು. ಮತ್ತೆ ಜೋಡಿಸಲು ಬರಲಿಲ್ಲ. ಅದನ್ನು ತಿಳಿಯಲು ಇನ್ನೊಂದನ್ನು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ತುಂಡು ತುಂಡಾದವು. ತಾಯಿ ಹೊಡೆಯಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರವನ್ನು ಬಿಚ್ಚಬಹುದು ಎಂದು ಕಟ್ಟಪ್ಪಣೆ ಮಾಡಿದರು.

ತಂದೆಗೆ ರಕ್ತನಾಳದ ಕಾಯಿಲೆಯಿಂದ ಎರಡೂ ಕಾಲುಗಳನ್ನು ಕತ್ತರಿಸಬೇಕಾಯಿತು. ತಾನು ಇಲ್ಲದಿದ್ದರೂ ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ನಿಲ್ಲಬೇಕು ಎಂಬುದು ಅವರ ಆಸೆ. ಮಗನಿಗೆ ಸಿಗುವ ಓದೇ ಹೆಣ್ಣುಮಕ್ಕಳಿಗೂ ಸಿಗಬೇಕು ಎಂದು ಅವರು ಬಯಸಿದರು. ನೂರು ವರ್ಷದ ಹಿಂದೆ ಅಮೆರಿಕದಲ್ಲೂ ಇದು ಎಲ್ಲ ಮನೆಯ ಮಾತಾಗಿರಲಿಲ್ಲ.

ಪರೀಕ್ಷೆಯ ಭಯದಲ್ಲಿರುವವರು ಮುಂದಿನ ಸಂಗತಿಯನ್ನು ನೆನಪಿಡಬೇಕು. ವಾಸರ್ ಕಾಲೇಜಿನ ಪ್ರವೇಶಕ್ಕೆ ಕುಳಿತಾಗ ಗ್ರೇಸ್‌ಗೆ ಲ್ಯಾಟಿನ್ ಭಾಷೆಯಲ್ಲಿ ಸಾಕಷ್ಟು ಅಂಕ ಬರಲಿಲ್ಲ. ಸೀಟು ಸಿಗಲಿಲ್ಲ. ಒಂದು ವರ್ಷ ಕಾದು ಮತ್ತೆ ಪ್ರಯತ್ನಿಸಿ ಸೇರಿದರು. ಅಲ್ಲಿಂದ 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ ಪಡೆದರು. ಯೇಲ್ ವಿಶ್ವವಿದ್ಯಾಲಯದಲ್ಲಿ 1930ರಲ್ಲಿ ಎಂ.ಎ., 1934ರಲ್ಲಿ ಗಣಿತದಲ್ಲಿ ಪಿಎಚ್‌.ಡಿ. ಮುಗಿಸಿದರು. 1930ರಲ್ಲಿ ವಿನ್ಸೆಂಟ್ ಹಾಪರ್ ಅವರೊಡನೆ ಮದುವೆಯಾಯಿತು. 1945ರಲ್ಲಿ ಅದು ಮುರಿದುಬಿತ್ತು. ಹಾಪರ್ ಎಂಬ ಹೆಸರು ಮಾತ್ರ ಅವರ ಜೊತೆ ಉಳಿಯಿತು.

1931ರಿಂದ ಅವರು ತಾವು ಓದಿದ ವಾಸರ್ ಕಾಲೇಜಿನಲ್ಲೇ ಗಣಿತ ಕಲಿಸಿದರು. ಅವರ ತರಗತಿಯಲ್ಲಿ ಒಂದು ವಿಚಿತ್ರ ನಿಯಮವಿತ್ತು. ಒಂದು ಗಣಿತದ ಸೂತ್ರವನ್ನು ಕೊಟ್ಟು ಅದರ ಬಗ್ಗೆ ಪ್ರಬಂಧ ಬರೆಯಿರಿ ಎನ್ನುತ್ತಿದ್ದರು. ಬರೆದುದನ್ನು ಭಾಷೆಯ ಮೇಷ್ಟರಂತೆ ತಿದ್ದುತ್ತಿದ್ದರು. ಇದು ಗಣಿತದ ತರಗತಿ, ಇಂಗ್ಲಿಷ್ ತರಗತಿಯಲ್ಲ ಎಂದು ವಿದ್ಯಾರ್ಥಿನಿಯರು ಗೊಣಗಿದರು. ಇನ್ನೊಬ್ಬರಿಗೆ ತಿಳಿಯುವಂತೆ ಹೇಳಲು ಬಾರದಿದ್ದರೆ ಗಣಿತ ಕಲಿತೂ ಪ್ರಯೋಜನವಿಲ್ಲ ಎಂಬುದು ಅವರ ಉತ್ತರವಾಗಿತ್ತು. ಮುಂದೆ ಅವರು ಕಂಪ್ಯೂಟರ್ ಲೋಕದಲ್ಲಿ ಮಾಡಿದ ಕೆಲಸದ ಬೀಜ ಈ ತರಗತಿಯಲ್ಲೇ ಇದೆ.

1941ರ ಡಿಸೆಂಬರ್‌ನಲ್ಲಿ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ಗ್ರೇಸ್ ನೌಕಾಪಡೆಗೆ ಸೇರಲು ಹೋದರು. ವಯಸ್ಸು ಹೆಚ್ಚಾಯಿತು, ತೂಕ ಕಡಿಮೆಯಾಯಿತು, ಗಣಿತದ ಅಧ್ಯಾಪಕರು ಕಾಲೇಜಿನಲ್ಲೇ ಇರಬೇಕು ಎಂದು ತಡೆದರು. ಅವರು ಬಿಡಲಿಲ್ಲ. ವಿಶೇಷ ಅನುಮತಿ ಪಡೆದು 1943ರ ಡಿಸೆಂಬರ್‌ನಲ್ಲಿ ಮೀಸಲು ಪಡೆಗೆ ಸೇರಿದರು. ತರಬೇತಿಯಲ್ಲಿ ಮೊದಲ ಸ್ಥಾನ ಗಳಿಸಿದರು. 1944ರ ಜುಲೈನಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ, ಹೊವಾರ್ಡ್ ಐಕೆನ್ ಎಂಬ ವಿಜ್ಞಾನಿಯ ಕೈಕೆಳಗೆ ಕಳುಹಿಸಲಾಯಿತು.

ಅಲ್ಲಿದ್ದದ್ದು ಮಾರ್ಕ್ 1 ಎಂಬ ಯಂತ್ರ. 51 ಅಡಿ ಉದ್ದ, 8 ಅಡಿ ಎತ್ತರ. ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಅದು ಹಿಡಿಸುವುದಿಲ್ಲ. ಸೆಕೆಂಡಿಗೆ ಮೂರು ಸಂಕಲನ ಮಾಡುತ್ತಿತ್ತು. ಅದಕ್ಕೆ ಆದೇಶ ಕೊಡಲು ಕೀಬೋರ್ಡ್ ಇರಲಿಲ್ಲ, ಪರದೆಯೂ ಇರಲಿಲ್ಲ. ಕಾಗದದ ಪಟ್ಟಿಯ ಮೇಲೆ ಸಾಲು ಸಾಲಾಗಿ ತೂತು ಹೊಡೆಯಬೇಕಿತ್ತು. ಯಾವ ತೂತು ಎಲ್ಲಿರಬೇಕು ಎಂಬುದೇ ಪ್ರೋಗ್ರಾಂ. ಒಂದು ತೂತು ತಪ್ಪಿದರೆ ಲೆಕ್ಕವೆಲ್ಲ ತಪ್ಪು. ಆ ಯಂತ್ರಕ್ಕೆ ಪ್ರೋಗ್ರಾಂ ಬರೆದ ಮೊದಲ ಕೆಲವೇ ಜನರಲ್ಲಿ ಗ್ರೇಸ್ ಹಾಪರ್ ಒಬ್ಬರು.

ಸ್ವಲ್ಪ ದಿನಕ್ಕೆ ಐಕೆನ್ ಅವರಿಗೆ ಇನ್ನೊಂದು ಕೆಲಸ ಹಚ್ಚಿದರು. ಯಂತ್ರವನ್ನು ಬಳಸುವುದು ಹೇಗೆಂದು ಒಂದು ಪುಸ್ತಕ ಬರೆಯಬೇಕು. ತಮಗೆ ಪುಸ್ತಕ ಬರೆದು ಅಭ್ಯಾಸವಿಲ್ಲ ಎಂದರೂ ಐಕೆನ್ ಕೇಳಲಿಲ್ಲ. ಅವರು ನೌಕಾಪಡೆಯಲ್ಲಿದ್ದರು, ಆಜ್ಞೆ ಎಂದರೆ ಆಜ್ಞೆ. ಬರೆದಷ್ಟನ್ನು ಐಕೆನ್ ಮುಂದೆ ಓದಿ, ತಿದ್ದಿಸಿಕೊಂಡು ಮುಂದುವರಿದರು. 500ಕ್ಕೂ ಹೆಚ್ಚು ಪುಟಗಳ ಆ ಪುಸ್ತಕ 1946ರಲ್ಲಿ ಅಚ್ಚಾಯಿತು. ಕಂಪ್ಯೂಟರ್ ಬಳಸುವವರಿಗಾಗಿ ಬಂದ ಮೊದಲ ದೊಡ್ಡ ಕೈಪಿಡಿ ಅದು. ಯಂತ್ರ ಕಟ್ಟಿದವರ ಕಣ್ಣಿನಿಂದ ನೋಡಿದರೆ ಸಾಲದು, ಹೊಸದಾಗಿ ಬಂದು ಅದರ ಮುಂದೆ ನಿಲ್ಲುವವರ ಕಣ್ಣಿನಿಂದಲೂ ನೋಡಬೇಕು ಎಂಬ ಪಾಠ ಅವರಿಗೆ ಅಲ್ಲಿ ದೊರೆಯಿತು.

ಗ್ರೇಸ್ ಹಾಪರ್ ಎಂದರೆ ಬಹಳ ಜನಕ್ಕೆ ನೆನಪಾಗುವುದು ಬಗ್‌ನ ಕಥೆ. ಪ್ರೋಗ್ರಾಂನ ದೋಷಕ್ಕೆ ಬಗ್ ಎಂಬ ಹೆಸರನ್ನು ಅವರೇ ಇಟ್ಟರು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಯಂತ್ರದ ದೋಷಕ್ಕೆ ಆ ಮಾತು ಎಡಿಸನ್ ಕಾಲದಲ್ಲೇ ಬಳಕೆಯಲ್ಲಿತ್ತು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಯಂತ್ರದ ರಿಲೇ ಒಂದರಲ್ಲಿ ನಿಜವಾದ ಪತಂಗವೇ ಸಿಕ್ಕಿಕೊಂಡಿತ್ತು. ಕೆಲಸಗಾರರು ಅದನ್ನು ತೆಗೆದು ದಿನಚರಿ ಪುಸ್ತಕದಲ್ಲಿ ಅಂಟಿಸಿದರು. ಆ ಹುಳುವನ್ನು ಹಿಡಿದವರು ಹಾಪರ್ ಅಲ್ಲ. ಕಥೆಯನ್ನು ಊರೂರಿಗೆ ಹೇಳಿದವರು ಅವರು. ಅವರ ನಿಜವಾದ ಸಾಧನೆ ಇದಕ್ಕಿಂತ ಬಹಳ ದೊಡ್ಡದು.

ಯುದ್ಧ ಮುಗಿದ ಮೇಲೆ 1949ರಲ್ಲಿ ಅವರು ಫಿಲಡೆಲ್ಫಿಯಾದ ಎಕರ್ಟ್ ಮತ್ತು ಮೌಕ್ಲಿ ಅವರ ಕಂಪನಿಗೆ ಸೇರಿದರು. ಮರುವರ್ಷ ಅದನ್ನು ರೆಮಿಂಗ್ಟನ್ ರ‍್ಯಾಂಡ್ ಕೊಂಡುಕೊಂಡಿತು. ಯುನಿವ್ಯಾಕ್ ಎಂಬ ಕಂಪ್ಯೂಟರ್ ತಯಾರಾದದ್ದು ಅಲ್ಲೇ. ಆ ದಿನಗಳಲ್ಲಿ ನಡೆದ ಒಂದು ಸಂಗತಿಯನ್ನು ಅವರು ಆಮೇಲೆ ನಗುತ್ತಾ ಹೇಳುತ್ತಿದ್ದರು. ಅಲ್ಲಿನ ಒಂದು ಯಂತ್ರಕ್ಕಾಗಿ ಅವರು ಹಗಲೆಲ್ಲ ಆಕ್ಟಲ್ ಪದ್ಧತಿಯಲ್ಲಿ ಲೆಕ್ಕ ಮಾಡಬೇಕಿತ್ತು. ಅಂದರೆ 0ಯಿಂದ 7ರವರೆಗಿನ ಅಂಕಿಗಳು ಮಾತ್ರ. 7 ಆದ ಮೇಲೆ 10. ಕೆಲವು ತಿಂಗಳ ಬಳಿಕ ಅವರ ಬ್ಯಾಂಕ್ ಲೆಕ್ಕ ತಾಳೆಯಾಗದೆ ಹೋಯಿತು. ಬ್ಯಾಂಕಿನಲ್ಲಿದ್ದ ತಮ್ಮನನ್ನು ಕೇಳಿದರು. ಆತ ಹಲವು ಸಂಜೆ ಕುಳಿತು ಕೂಡಿ ಕಳೆದು ನೋಡಿ ಕಂಡುಹಿಡಿದದ್ದೇನೆಂದರೆ, ಅಕ್ಕ ಕೆಲವು ಕಡೆ ಮನೆಯ ಲೆಕ್ಕವನ್ನೂ ಆಕ್ಟಲ್‌ನಲ್ಲೇ ಕಳೆದಿದ್ದರು. ಯಂತ್ರಕ್ಕಾಗಿ ಮನುಷ್ಯ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಬದಲಾಗಬೇಕಾದದ್ದು ಯಂತ್ರ ಎಂದು ಅವರು ತೀರ್ಮಾನಿಸಿದರು.

ಅಂದಿನ ಪ್ರೋಗ್ರಾಮರ್‌ಗಳು ಒಮ್ಮೆ ಬರೆದ ತುಣುಕುಗಳನ್ನು ನೋಟ್‌ಬುಕ್‌ಗಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಇನ್ನೊಂದು ಪ್ರೋಗ್ರಾಂನಲ್ಲಿ ಬೇಕಾದಾಗ ಕೈಯಿಂದ ನಕಲು ಮಾಡುತ್ತಿದ್ದರು. ನಕಲು ಮಾಡುವಾಗ ತಪ್ಪು, ಸಂಖ್ಯೆ ಕೂಡುವಾಗ ತಪ್ಪು. ನಕಲು ಮಾಡುವುದು, ಕೂಡುವುದು ಇವೆರಡೂ ಯಂತ್ರಕ್ಕೆ ಚೆನ್ನಾಗಿ ಬರುವ ಕೆಲಸಗಳೇ ಅಲ್ಲವೆ ಎಂದು ಹಾಪರ್ ಯೋಚಿಸಿದರು. ಪ್ರತಿ ತುಣುಕಿಗೂ ಒಂದು ಗುರುತು ಕೊಟ್ಟು ಟೇಪಿನಲ್ಲಿಟ್ಟರು. ಮನುಷ್ಯ ಗುರುತನ್ನಷ್ಟೇ ಬರೆದರೆ ಸಾಕು, ಯಂತ್ರವೇ ತುಣುಕನ್ನು ಹುಡುಕಿ, ಜೋಡಿಸಿ, ಪ್ರೋಗ್ರಾಂ ಸಿದ್ಧಪಡಿಸುತ್ತಿತ್ತು. 1952ರಲ್ಲಿ ಸಿದ್ಧವಾದ ಇದರ ಹೆಸರು ಎ-0. ನಾವು ಇಂದು ಕಂಪೈಲರ್ ಎನ್ನುವುದರ ಮೊದಲ ರೂಪಗಳಲ್ಲಿ ಅದೂ ಒಂದು. ಆದರೆ ಬಹಳ ಕಾಲ ಯಾರೂ ಅದನ್ನು ಮುಟ್ಟಲಿಲ್ಲ. ಕಂಪ್ಯೂಟರ್ ಲೆಕ್ಕ ಮಾಡುತ್ತದೆಯೇ ಹೊರತು ಪ್ರೋಗ್ರಾಂ ಬರೆಯುವುದಿಲ್ಲ ಎಂದು ತಿಳಿದವರೇ ವಾದಿಸಿದರು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಕಂಪ್ಯೂಟರ್ ಕೊಳ್ಳಲು ಬರುತ್ತಿದ್ದವರೆಲ್ಲ ಗಣಿತಜ್ಞರಲ್ಲ. ವಿಮಾ ಕಂಪನಿಯವರು, ಸಂಬಳದ ಲೆಕ್ಕದವರು, ಉಗ್ರಾಣದವರು ಇದ್ದರು. ಗಣಿತದ ಚಿಹ್ನೆಗಳನ್ನು ಕಂಡರೆ ಅವರಿಗೆ ಕಿರಿಕಿರಿ. ಅವರು ದಡ್ಡರಲ್ಲ, ಅವರ ಕೆಲಸದ ಭಾಷೆ ಬೇರೆ. ಹಾಗಾದರೆ ಆ ಭಾಷೆಯಲ್ಲೇ ಆದೇಶ ಕೊಡಲಿ, ಅದನ್ನು ಯಂತ್ರದ ಸಂಖ್ಯೆಗಳಿಗೆ ತಿರುಗಿಸುವ ಕೆಲಸ ಕಂಪ್ಯೂಟರ್ ಮಾಡಲಿ ಎಂದು ಹಾಪರ್ ಸೂಚಿಸಿದರು. ಓದು, ಹೋಲಿಸು, ನಿಲ್ಲಿಸು ಎಂಬಂಥ ಸಾಮಾನ್ಯ ಇಂಗ್ಲಿಷ್ ಕ್ರಿಯಾಪದಗಳಿಂದ ಒಂದು ಚಿಕ್ಕ ಮಾದರಿ ಮಾಡಿದರು.

ಅದನ್ನು ಮೇಲಧಿಕಾರಿಗಳಿಗೆ ತೋರಿಸಿದಾಗ ನಡೆದದ್ದು ನಮಗೆ ಮುಖ್ಯ. ಇಂಗ್ಲಿಷ್ ಪ್ರೋಗ್ರಾಂ ತೋರಿಸಿದ ಮೇಲೆ ಅದನ್ನೇ ಫ್ರೆಂಚ್ ಪದಗಳಲ್ಲಿ, ಆಮೇಲೆ ಜರ್ಮನ್ ಪದಗಳಲ್ಲಿ ತೋರಿಸಿದರು. ಯಂತ್ರಕ್ಕೆ ಯಾವ ಪದವಾದರೂ ಒಂದು ಗುರುತು ಅಷ್ಟೆ; ಗುರುತು ಬದಲಾಯಿಸಿದರೆ ಭಾಷೆ ಬದಲಾಗುತ್ತದೆ. ಅಧಿಕಾರಿಗಳು ಗಾಬರಿಯಾದರು. ಫಿಲಡೆಲ್ಫಿಯಾದಲ್ಲಿ ತಯಾರಾದ ಯಂತ್ರಕ್ಕೆ ಫ್ರೆಂಚ್, ಜರ್ಮನ್ ಅರ್ಥವಾಗುವುದುಂಟೆ ಎಂಬುದು ಅವರ ಭಾವನೆ. ಇಂಗ್ಲಿಷ್ ಮಾತ್ರ ಬಳಸುತ್ತೇವೆ ಎಂದು ಮಾತು ಕೊಟ್ಟ ಮೇಲೆಯೇ ಹಾಪರ್ ತಂಡಕ್ಕೆ ಮುಂದುವರಿಯಲು ಸಾಧ್ಯವಾಯಿತು. ಹೀಗೆ ಬಂದದ್ದು ಫ್ಲೋ-ಮ್ಯಾಟಿಕ್ ಎಂಬ ಭಾಷೆ.

ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಿಯುಸಿಯಲ್ಲಿ ಇಂಗ್ಲಿಷ್ ಎಂದು ದಿನಕ್ಕೆ ನಾಲ್ಕು ಭಾಷೆ ದಾಟುವ ಮುಳಬಾಗಿಲು, ಶ್ರೀನಿವಾಸಪುರದ ನಮ್ಮ ಮಕ್ಕಳು ಈ ಪ್ರಸಂಗವನ್ನು ಮತ್ತೊಮ್ಮೆ ಓದಬೇಕು. ಕಂಪ್ಯೂಟರಿಗೆ ಇಂಗ್ಲಿಷ್ ಹುಟ್ಟುಗುಣವಲ್ಲ. ಅದು ಕೆಲವರು ಕೂತು ಮಾಡಿದ ತೀರ್ಮಾನ.

1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿಯಲ್ಲಿ ಸರ್ಕಾರದವರು, ಕಂಪ್ಯೂಟರ್ ತಯಾರಕರು, ಬಳಕೆದಾರರು ಸೇರಿ, ಎಲ್ಲ ಕಂಪನಿಗಳ ಯಂತ್ರಗಳಲ್ಲೂ ನಡೆಯುವ ಒಂದೇ ವ್ಯವಹಾರ ಭಾಷೆ ಬೇಕೆಂದು ನಿಶ್ಚಯಿಸಿದರು. ಅದೇ ಕೋಬಾಲ್. ಹಾಪರ್ ಒಬ್ಬರೇ ಅದನ್ನು ಬರೆಯಲಿಲ್ಲ. ಜೀನ್ ಸ್ಯಾಮೆಟ್ ಮೊದಲಾದವರಿದ್ದ ಸಮಿತಿ ರೂಪಿಸಿತು, ಹಾಪರ್ ಸಲಹೆಗಾರರಾಗಿದ್ದರು. ಆದರೆ ಅದರ ಬುನಾದಿ ಫ್ಲೋ-ಮ್ಯಾಟಿಕ್. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಎರಡು ಬೇರೆ ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಓಡಿತು. ಇಂದಿಗೂ ಎಷ್ಟೋ ಬ್ಯಾಂಕುಗಳ, ವಿಮಾ ಕಂಪನಿಗಳ ಹಳೆಯ ಲೆಕ್ಕಗಳು ಕೋಬಾಲ್ ಮೇಲೆ ನಿಂತಿವೆ.

ಕೊರತೆಗಳೂ ಇದ್ದವು. ಇಂಗ್ಲಿಷ್ ವಾಕ್ಯದಂತೆ ಕಂಡ ಮಾತ್ರಕ್ಕೆ ಪ್ರೋಗ್ರಾಮಿಂಗ್ ಸುಲಭವಾಗುವುದಿಲ್ಲ, ಮಾತು ಉದ್ದವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿಗಳು ಕೋಬಾಲನ್ನು ಕಟುವಾಗಿ ಟೀಕಿಸಿದರು. ಜಾಗ ಉಳಿಸಲು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದ ಅಭ್ಯಾಸದಿಂದ 2000ನೇ ಇಸವಿ ಬಂದಾಗ ಜಗತ್ತೆಲ್ಲ ಪ್ರೋಗ್ರಾಂಗಳನ್ನು ತಿದ್ದಬೇಕಾಯಿತು. ಬಳಸುವವರಿಗಾಗಿ ರೂಪಿಸುವುದೆಂದರೆ ಇಂದಿನವರ ಜೊತೆ ನಾಳೆಯವರನ್ನೂ ನೆನೆಯುವುದು ಎಂಬ ಪಾಠವೂ ಇದರಲ್ಲಿದೆ.

1966ರ ಕೊನೆಯಲ್ಲಿ ನೌಕಾಪಡೆ ವಯಸ್ಸಿನ ಕಾರಣಕ್ಕೆ ಅವರನ್ನು ನಿವೃತ್ತಿಗೊಳಿಸಿತು. ಆಗ ಅವರಿಗೆ 60 ವರ್ಷ. ಏಳು ತಿಂಗಳೊಳಗೆ ಮತ್ತೆ ಕರೆ ಬಂತು. ಆರು ತಿಂಗಳಿಗೆಂದು ಕರೆದ ಕೆಲಸ ಹತ್ತೊಂಬತ್ತು ವರ್ಷ ನಡೆಯಿತು. ನೌಕಾಪಡೆಯ ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಕೋಬಾಲ್ ಒಂದೇ ರೀತಿ ನಡೆಯುವಂತೆ ಪರೀಕ್ಷಾ ಪ್ರೋಗ್ರಾಂಗಳನ್ನು ರೂಪಿಸಿದರು. ಕಿರಿಯರಿಗೆ ತರಬೇತಿ ಕೊಟ್ಟರು. ತಾವು ಮಾಡಿದ ಎಲ್ಲ ಕೆಲಸಕ್ಕಿಂತ, ತರಬೇತಿ ಕೊಟ್ಟ ಕಿರಿಯರ ಬಗ್ಗೆಯೇ ಅವರಿಗೆ ಹೆಮ್ಮೆ ಹೆಚ್ಚು.

ಅವರ ಪಾಠದ ರೀತಿ ಇಂದಿನ ಅಧ್ಯಾಪಕರಿಗೂ ಮಾದರಿ. ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ. ಹೀಗೆಂದರೆ ಯಾರಿಗೂ ಮನಸ್ಸಿಗೆ ಹತ್ತುವುದಿಲ್ಲ. ಅವರು ಅಡಿಗೆ ಸ್ವಲ್ಪವೇ ಕಡಿಮೆ, ಅಂದರೆ 11.8 ಅಂಗುಲ ಉದ್ದದ ತಂತಿಗಳನ್ನು ಕತ್ತರಿಸಿ ಕೇಳುಗರ ಕೈಗೆ ಹಂಚುತ್ತಿದ್ದರು. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಹೋಗಬಲ್ಲ ದೂರ ಅಷ್ಟೇ. ಜೊತೆಗೆ ಸಾವಿರ ಅಡಿಯಷ್ಟು ಉದ್ದದ ತಂತಿಯ ಸುರುಳಿಯೊಂದನ್ನು ಎತ್ತಿ ತೋರಿಸಿ, ಇದು ಮೈಕ್ರೊಸೆಕೆಂಡ್ ಎನ್ನುತ್ತಿದ್ದರು. ಸೇನಾಧಿಕಾರಿಗೂ ಶಾಲೆಯ ಹುಡುಗನಿಗೂ ಒಂದೇ ಸಲಕ್ಕೆ ತಿಳಿಯುತ್ತಿತ್ತು. ಅವರ ಕಚೇರಿಯಲ್ಲಿ ಮುಳ್ಳುಗಳು ಹಿಂದಕ್ಕೆ ತಿರುಗುವ ಗಡಿಯಾರವೊಂದಿತ್ತು. ಸ್ವಲ್ಪ ಹೊತ್ತು ನೋಡಿದರೆ ಅದರಲ್ಲೂ ಸಮಯ ತಿಳಿಯುತ್ತದೆ. ಮೊದಲಿನಿಂದ ಹೀಗೇ ನಡೆದಿದೆ ಎಂಬುದು ಕಾರಣವಾಗಲಾರದು ಎಂದು ಅವರು ಅದನ್ನು ಇಟ್ಟುಕೊಂಡಿದ್ದರು.

1986ರ ಆಗಸ್ಟ್ 14ರಂದು ಅವರು ರಿಯರ್ ಅಡ್ಮಿರಲ್ ಹುದ್ದೆಯಿಂದ ನಿವೃತ್ತರಾದಾಗ ವಯಸ್ಸು 79. ಅಲ್ಲಿಗೂ ಸುಮ್ಮನಾಗದೆ ಒಂದು ಕಂಪ್ಯೂಟರ್ ಕಂಪನಿಗೆ ಸಲಹೆಗಾರರಾದರು. 1992ರ ಜನವರಿ 1ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಒಂದು ಯುದ್ಧನೌಕೆ ಇದೆ. 2016ರಲ್ಲಿ ಮರಣೋತ್ತರವಾಗಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂತು. 1994ರಲ್ಲಿ ಅವರ ಹೆಸರಿನಲ್ಲಿ ಆರಂಭವಾದ ಮಹಿಳಾ ಕಂಪ್ಯೂಟರ್ ತಜ್ಞರ ಸಮ್ಮೇಳನದ ಭಾರತದ ಆವೃತ್ತಿ ಬೆಂಗಳೂರಿನಲ್ಲೂ ಹಲವು ಬಾರಿ ನಡೆದಿದೆ.

ಹಾಪರ್ ಅರ್ಧಕ್ಕೆ ಬಿಡಬೇಕಾಗಿ ಬಂದ ಕೆಲಸವನ್ನು ನಮ್ಮ ನಾಡಿನಲ್ಲಿ ಬೇರೆಯವರು ತಮ್ಮ ರೀತಿಯಲ್ಲಿ ಮುಂದುವರಿಸಿದ್ದಾರೆ. ಹಳೆಯ ಕನ್ನಡ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು ಬೆರಳಚ್ಚುಗಾರರೇ ಜೋಡಿಸಬೇಕಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಉಚ್ಚಾರಣೆಯಂತೆ ಒತ್ತಿದರೆ ಸಾಕು, ಒತ್ತಕ್ಷರ ಕಟ್ಟುವ ಕೆಲಸ ಕಂಪ್ಯೂಟರಿನದು. ನುಡಿ ತಂತ್ರಾಂಶದಲ್ಲಿ ನಾವು ಬಳಸುವುದು ಅದೇ ಕ್ರಮವನ್ನು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದಾಗ ಅವು ಕನ್ನಡದಲ್ಲೇ ಬಂದವು. ಶ್ರೀನಿವಾಸಪುರದ ಮಾವಿನ ತೋಟದವರು ತಾಲ್ಲೂಕು ಕಚೇರಿಯಲ್ಲಿ ಪಡೆಯುವ ಪಹಣಿಯನ್ನು ತಾವೇ ಓದಬಲ್ಲರು.

ಆದರೂ ಮಾಡಬೇಕಾದದ್ದು ಬಹಳ ಉಳಿದಿದೆ. ಅದಕ್ಕೆ ತರಬೇತಿಯೂ ಇದೆ. ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದಿದವರೂ ಯುಸೀಡ್ ಪರೀಕ್ಷೆ ಬರೆದು ಐಐಟಿಗಳ ವಿನ್ಯಾಸ ಪದವಿಗೆ ಪ್ರಯತ್ನಿಸಬಹುದು. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗೆ ಬೇರೆ ಪರೀಕ್ಷೆ ಇದೆ. ಅದರ ಒಂದು ಕ್ಯಾಂಪಸ್ ಬೆಂಗಳೂರಿನಲ್ಲೇ ಇದ್ದು ಸ್ನಾತಕೋತ್ತರ ಓದಿಗೆ ಅವಕಾಶ ಕೊಡುತ್ತದೆ. ಬಿಸಿಎ, ಬಿ.ಇ. ಮಾಡಿದವರೂ ಈ ವೃತ್ತಿಗೆ ಬರುತ್ತಾರೆ.

ಆದರೆ ಮೊದಲ ಪಾಠಕ್ಕೆ ಯಾವ ಶುಲ್ಕವೂ ಬೇಡ. ಇಂದು ಸಂಜೆ ಮನೆಯಲ್ಲಿ ಅಮ್ಮಿಯ ಕೈಗೋ, ಅಜ್ಜಿಯ ಕೈಗೋ ಫೋನ್ ಕೊಟ್ಟು, ಕರೆಂಟ್ ಬಿಲ್ ಎಷ್ಟು ಬಂದಿದೆ ಎಂದು ನೋಡಲು ಹೇಳಿ. ನೀವು ಪಕ್ಕದಲ್ಲಿ ಕುಳಿತುಕೊಳ್ಳಿ. ಫೋನ್ ಕಿತ್ತುಕೊಳ್ಳಬೇಡಿ, ಬೆರಳು ತೋರಿಸಬೇಡಿ. ಅವರು ಎಲ್ಲಿ ನಿಂತರು, ಯಾವ ಪದದ ಮುಂದೆ ತಡವರಿಸಿದರು, ಯಾವ ಗುಂಡಿಯನ್ನು ಒತ್ತಲು ಹೆದರಿದರು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಇನ್ನೂ ನಾಲ್ಕು ಜನರ ಜೊತೆ ಹೀಗೆಯೇ ಮಾಡಿ. ಐದು ಹಾಳೆಗಳಲ್ಲೂ ಬಂದಿರುವ ತೊಡಕು ಆ ಪರದೆಯ ತೊಡಕು, ನಿಮ್ಮ ಅಮ್ಮಿಯದಲ್ಲ. ಅದನ್ನು ಸರಿಪಡಿಸಲು ಪರದೆ ಹೇಗಿರಬೇಕಿತ್ತು ಎಂದು ಆರನೆಯ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬಿಡಿಸಿ. ವೃತ್ತಿಪರ ವಿನ್ಯಾಸಕಾರರು ಮಾಡುವ ಕೆಲಸದ ತಿರುಳು ಇದೇ.

ಆಲ್ಗಾರಿದಂ ಎಂಬ ಪದ ಬಂದದ್ದು ಒಂಬತ್ತನೆಯ ಶತಮಾನದ ಬಾಗ್ದಾದಿನ ಗಣಿತಜ್ಞ ಅಲ್ ಖ್ವಾರಿಜ್ಮಿಯ ಹೆಸರಿನಿಂದ ಎಂದು ತರಗತಿಯಲ್ಲಿ ಓದಿದ್ದೀರಿ. ಅವರು ಬೀಜಗಣಿತವನ್ನು ಬರೆದದ್ದೂ ಆಸ್ತಿ ಹಂಚಿಕೆ, ವ್ಯಾಪಾರ, ಜಮೀನಿನ ಅಳತೆಯಂಥ ಜನರ ನಿತ್ಯದ ಲೆಕ್ಕಗಳಿಗೆ ನೆರವಾಗಲೆಂದು. ಗ್ರೇಸ್ ಹಾಪರ್ ನಡೆದದ್ದೂ ಅದೇ ದಾರಿಯಲ್ಲಿ. ಹೆಸರಿನ ಖಾನೆಯಲ್ಲಿ ನಮ್ಮ ಇನಿಷಿಯಲ್‌ಗೂ ಜಾಗವಿರುವ ಅರ್ಜಿಯನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹುಡುಗಿಯೊಬ್ಬಳೋ ಹುಡುಗನೊಬ್ಬನೋ ರೂಪಿಸುವ ದಿನ ಬರಲಿ. ಆ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಈಗಾಗಲೇ ಇರಬಹುದು.